ಮಾತು ಮೇಡಂ ಮತ್ತು ಪಾಸ್‌ಪೋರ್ಟ್ ಸರ್

"ನನ್ನ ವಿಷಯವನ್ನ ಕಿತ್ತುಹಾಕೋಕೆ ಅದೇನು ಗೋಡೆ ಮೇಲಿನ ಪೋಸ್ಟರಾ?!"

ಅವಳ ದನಿಗೆ ಇಡೀ ಸಭಾಕೊಠಡಿ ಬೆಚ್ಚಿಬಿತ್ತು. ಚಹಾದ ಲೋಟ ಬಾಯಿಗಿಟ್ಟಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಕುಡಿಯುವುದೋ ಕೆಳಗಿಡುವುದೋ ತಿಳಿಯದೆ ಕೆಮ್ಮತೊಡಗಿದರು.

ಪರದೆಯ ಮೇಲೆ ಎರಡು ಪಟ್ಟಿಗಳಿದ್ದವು. ಎಡಗಡೆ ಇವರ ವಿಶ್ವವಿದ್ಯಾಲಯದ ವಾಕ್ ಚಿಕಿತ್ಸೆ ಪದವಿಯ ವಿಷಯಗಳು. ಬಲಗಡೆ ಸಮುದ್ರದಾಚೆಯ ಹೆಸರಾಂತ ವಿಶ್ವವಿದ್ಯಾಲಯವೊಂದರ ವಿಷಯಗಳು. ಮುಂದಿನ ವರ್ಷದಿಂದ ಎರಡೂ ಸೇರಿ ಒಂದೇ ಪದವಿ ಕೊಡಲಿದ್ದವು. ಇಲ್ಲಿ ಓದಿದವರು ಅಲ್ಲಿ ಕೆಲಸ ಮಾಡಬಹುದು, ಅಲ್ಲಿಯವರು ಇಲ್ಲಿ ತರಬೇತಿ ಪಡೆಯಬಹುದು. ಎಲ್ಲ ಸರಿ... ಆದರೆ ಮೂರನೇ ಸೆಮಿಸ್ಟರಿನ ಒಂದು ವಿಷಯದ ಎದುರಿನ ಜಾಗ ಮಾತ್ರ ಖಾಲಿ. ಅದಕ್ಕೆ ಕೆಂಪು ಬಣ್ಣ!

ಅದು ಅವಳ ವಿಷಯ. ಸ್ಟ್ರೋಕ್ ಆಗಿ ಮಾತು ಕಳೆದುಕೊಂಡವರಿಗೆ ಅವರದೇ ಭಾಷೆಯ ಜಾಡು ಹಿಡಿದು ಮಾತು ಮರಳಿಸುವ ಪಾಠ. ಬೇರೆ ಯಾವ ಪಠ್ಯಕ್ರಮದಲ್ಲೂ ಇಲ್ಲದ ಅದನ್ನು ಅವಳೇ ಕಟ್ಟಿ ನಿಲ್ಲಿಸಿದ್ದಳು. ವಿದ್ಯಾರ್ಥಿಗಳು ಪ್ರೀತಿಯಿಂದ 'ಮಾತು ಮೇಡಂ' ಎಂದು ಕರೆಯುತ್ತಿದ್ದುದು ಅದಕ್ಕೇ.

ಪರದೆಯ ಪಕ್ಕ ನಿಂತಿದ್ದವನು ಅಂತರರಾಷ್ಟ್ರೀಯ ವಿಭಾಗಕ್ಕೆ ಹೊಸದಾಗಿ ಬಂದ ಸಂಯೋಜಕ. ಹೊರದೇಶದಲ್ಲಿ ಓದಿ ಬಂದವನು. ಬಾಯಿ ಬಿಟ್ಟರೆ ಒಪ್ಪಂದ, ವೀಸಾ, ವಿನಿಮಯ. ಬಂದ ತಿಂಗಳೊಳಗೆ ಅವನಿಗೂ ಹೆಸರು ಬಿದ್ದಿತ್ತು, 'ಪಾಸ್‌ಪೋರ್ಟ್ ಸರ್'!

"ಮೇಡಂ, ನಾನು ಕಿತ್ತುಹಾಕಿಲ್ಲ," ಅವನು ಮೆಲ್ಲಗೆ ಹೇಳಿದ. "ಇದಕ್ಕೆ ಅಲ್ಲಿ ಜೋಡಿ ಸಿಗ್ತಿಲ್ಲ. ಅಷ್ಟೇ."

"ಜೋಡಿ ಸಿಗದೆ ಇದ್ರೆ ಕೆಂಪು ಬಣ್ಣ ಬಳಿದುಬಿಡೋದಾ? ನನಗೂ ಮೂವತ್ತೆರಡಾಯ್ತು, ಜೋಡಿ ಸಿಕ್ಕಿಲ್ಲ. ಬನ್ನಿ, ನನಗೂ ಬಳೀರಿ!"

ಮರುಕ್ಷಣ ಕೊಠಡಿಯ ತುಂಬ ನಗು ಉಕ್ಕಿತು. ಕೆಮ್ಮುತ್ತಿದ್ದ ಪ್ರಾಧ್ಯಾಪಕರಂತೂ ಮೇಜು ತಟ್ಟಿ ನಕ್ಕರು.

'ಅಯ್ಯೋ... ಏನಂದುಬಿಟ್ಟೆ ನಾನು!' ಅವಳ ಕಿವಿಗಳು ಕಾದ ಕಬ್ಬಿಣವಾದವು. ನೆಲ ಬಿರಿದು ನುಂಗಬಾರದೇ ಎನಿಸಿತು.

ನಗದೆ ಉಳಿದವನು ಅವನೊಬ್ಬನೇ. ಕಣ್ಣಲ್ಲಿ ಮಾತ್ರ ಏನೋ ಮಿಂಚಿ ಮಾಯವಾಯಿತು.

"ಬಣ್ಣದ ವಿಷಯ ಆಮೇಲೆ ನೋಡೋಣ," ಎಂದ. "ಅದಕ್ಕೂ ಮೊದಲು ನಿಮ್ಮ ತರಗತೀಲಿ ಬಂದು ಕೂರಬಹುದಾ?"

"ಬನ್ನಿ," ಎಂದಳು ಅವಳು ಬಿಗುಮಾನದಿಂದ. "ಕೂರೋಕೆ ಯಾರ ಅಪ್ಪಣೆಯೂ ಬೇಡ. ಕಲಿಯೋಕೆ ಮಾತ್ರ ತಾಳ್ಮೆ ಬೇಕು!"

* * *

ಅವನು ಬರುವುದಿಲ್ಲ ಎಂದೇ ಅವಳು ತಿಳಿದಿದ್ದಳು. ಆದರೆ ಮರುದಿನ ಬೆಳಗ್ಗೆ ಚಿಕಿತ್ಸಾ ಕೊಠಡಿಯ ಕೊನೆಯ ಕುರ್ಚಿಯಲ್ಲಿ ಅವನಿದ್ದ. ವಿದ್ಯಾರ್ಥಿಗಳ ನಡುವೆ, ಮೊಣಕಾಲು ಮಡಚಿಕೊಂಡು, ಶಾಲೆಗೆ ಹೊಸದಾಗಿ ಸೇರಿದವನ ಹಾಗೆ.

ಅಂದು ಬಂದಿದ್ದ ರೋಗಿ ಶಾಲಾ ಬಸ್ಸು ಓಡಿಸುತ್ತಿದ್ದ ಹಿರಿಯರು. ಸ್ಟ್ರೋಕ್ ಆಗಿ ಕೆಲವು ತಿಂಗಳಾಗಿತ್ತು. ಪಕ್ಕದಲ್ಲಿ ಅವರ ಹೆಂಡತಿ.

ಅವಳು ಮೊದಲು ಹೊರದೇಶದ ಪರೀಕ್ಷೆಯ ಅನುವಾದವನ್ನೇ ತೆಗೆದುಕೊಂಡಳು. ಚಿತ್ರ ತೋರಿಸಿದಂತೆ ಡ್ರೈವರಣ್ಣ ಹೇಳುತ್ತಾ ಹೋದರು. ಕುರ್ಚಿ, ಗಡಿಯಾರ, ಸೇತುವೆ. ಒಂದೂ ತಪ್ಪಲಿಲ್ಲ.

"ಈ ಲೆಕ್ಕದಲ್ಲಿ ಇವರು ಪಾಸು. ಮನೆಗೆ ಕಳಿಸಬಹುದು," ಎಂದು ಅವಳು ವಿದ್ಯಾರ್ಥಿಗಳ ಕಡೆ ತಿರುಗಿದಳು. ನೋಟ ಮಾತ್ರ ಕೊನೆಯ ಕುರ್ಚಿಯ ಮೇಲಿತ್ತು. "ಈಗ ನೋಡಿ... ಅಣ್ಣಾ, ಬೆಳಿಗ್ಗೆ ಮನೇಲಿ ಏನಾಯ್ತು ಹೇಳಿ?"

ಡ್ರೈವರಣ್ಣ ಹೆಂಡತಿಯ ಕಡೆ ಕೈ ತೋರಿಸಿದರು. "ಇವಳು... ತಿಂಡಿ... ಮಾಡಿದ."

"ನೋಡಿ ಮೇಡಂ!" ಹೆಂಡತಿ ತಡೆಯಲಾರದೆ ಬಾಯಿ ಹಾಕಿದರು. "ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನನ್ನನ್ನ ಗಂಡಸು ಮಾಡಿಬಿಟ್ರು!"

ಎಲ್ಲರೂ ನಕ್ಕರು. ಡ್ರೈವರಣ್ಣನೂ ನಕ್ಕರು. ಆದರೆ ಆ ತಾಯಿಯ ನಗು ಬೇಗ ಬಾಡಿತು. "ನಗೋ ಮಾತಲ್ಲ ಮೇಡಂ. ಹೋದ ವಾರ ಮಾತ್ರೆ ಆಯ್ತಾ ಅಂತ ಕೇಳ್ದೆ. 'ತಗೋತೀನಿ' ಅಂದ್ರು. ಇನ್ನೂ ತಗೊಂಡಿಲ್ಲ ಅಂದ್ಕೊಂಡು ನಾನೇ ಕೊಟ್ಟೆ. ನೋಡಿದ್ರೆ ಆಗಲೇ ನುಂಗಿದ್ರಂತೆ! ಆಸ್ಪತ್ರೆಗೆ ಎತ್ಕೊಂಡು ಓಡಿದ್ವಿ..."

ವಿದ್ಯಾರ್ಥಿಗಳು ಪೆನ್ನು ಕೆಳಗಿಟ್ಟು ಮುಂದೆ ಬಾಗಿದರು.

"ನಮ್ಮ ಮಾತಲ್ಲಿ ಯಾರು, ಯಾವಾಗ ಅನ್ನೋದೆಲ್ಲ ಕ್ರಿಯಾಪದದ ತುದೀಲಿರುತ್ತೆ," ಎಂದಳು ಅವಳು. "ತಗೊಂಡೆ, ತಗೋತೀನಿ. ತುದಿ ಬದಲಾದ್ರೆ ಜೀವಕ್ಕೇ ಅಪಾಯ. ಆ ಅನುವಾದದ ಪರೀಕ್ಷೆ ಈ ತುದಿಯನ್ನ ಮುಟ್ಟೋದೇ ಇಲ್ಲ. ಯಾಕಂದ್ರೆ ಅದು ಹುಟ್ಟಿದ ಭಾಷೇಲಿ ತುದಿಗೆ ಇಷ್ಟು ಕೆಲಸ ಇಲ್ಲ. ಅದು ಕೆಟ್ಟ ಪರೀಕ್ಷೆ ಅಂತಲ್ಲ... ನಮಗೆ ಹೊಲಿದ ಅಂಗಿ ಅಲ್ಲ, ಅಷ್ಟೇ."

ಪಾಠ ಮುಗಿದು ಎಲ್ಲರೂ ಎದ್ದ ಮೇಲೂ ಅವನು ಏಳಲಿಲ್ಲ.

"ನಾಳೆಯೂ ಬರಬಹುದಾ?" ಎಂದು ಕೇಳಿದ.

ಅವಳು ಪುಸ್ತಕ ಎತ್ತಿಕೊಂಡು ಹೊರಟುಬಿಟ್ಟಳು. ಆದರೆ ಮರುದಿನ ಕೊನೆಯ ಕುರ್ಚಿಯ ಮೇಲೆ ಯಾರೂ ಚೀಲ ಇಡದಂತೆ ನೋಡಿಕೊಂಡಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ...

* * *

ಅವನು ಬರುತ್ತಲೇ ಇದ್ದ. ಕ್ರಮೇಣ ಪಾಠದ ನಂತರ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜೂ ಅವರಿಬ್ಬರದಾಯಿತು. ಜಗಳ ಮಾತ್ರ ನಿಲ್ಲಲಿಲ್ಲ.

"ಹೊರಗಿನಿಂದ ಬಂದಿದ್ದೆಲ್ಲ ಬೇಡ ಅಂತೀರಾ ನೀವು?"

"ಯಾವಾಗ ಅಂದೆ? ಮಿದುಳಿನ ಸ್ಕ್ಯಾನ್ ಓದೋದನ್ನ ನಾನೂ ಅವರ ಪುಸ್ತಕದಿಂದಾನೇ ಕಲಿತಿದ್ದು. ಬಾಗಿಲು ತೆಗೀಬೇಡಿ ಅಂತ ಹೇಳ್ತಿಲ್ಲ ಸರ್. ತೆಗೆದ ಬಾಗಿಲಲ್ಲಿ ಬರೀ ಒಳಗೆ ಬರೋರೇ ಯಾಕೆ? ನಾವೂ ಹೊರಗೆ ಹೋಗೋಣ ಅಂತಿದೀನಿ, ನಮ್ಮ ಸಾಮಾನು ಹೊತ್ಕೊಂಡು!"

ಅವನು ಲೋಟದ ಅಂಚಿನ ಮೇಲೆ ಬೆರಳಾಡಿಸಿದ.

"ಹೊರದೇಶದಲ್ಲಿ ಓದೋವಾಗ ಒಂದು ದಿನ ಪ್ರಾಧ್ಯಾಪಕರೊಬ್ಬರು ಕೇಳಿದ್ರು, 'ನಿಮ್ಮ ಕಡೆ ಇದನ್ನ ಹೇಗೆ ಕಲಿಸ್ತಾರೆ?' ಅಂತ. ಬೇರೆ ದೇಶದವರೆಲ್ಲ ಏನೇನೋ ಹೇಳಿದ್ರು. ನನ್ನ ಹತ್ರ ಹೇಳೋಕೆ ಏನೂ ಇರಲಿಲ್ಲ ಮೇಡಂ. ನಾನು ಕಲಿತಿದ್ದೆಲ್ಲ ಅವರ ಪುಸ್ತಕದ ನಕಲೇ. ಅವತ್ತು ತಲೆ ಎತ್ತೋಕೆ ಆಗಲಿಲ್ಲ." ಅವನು ಅವಳನ್ನು ನೋಡಿದ. "ಅದಕ್ಕೇ ವಾಪಸ್ ಬಂದೆ. ಹೇಳ್ಕೊಳ್ಳೋಕೆ ಏನಾದ್ರೂ ಸಿಗುತ್ತಾ ಅಂತ."

'ಸಿಕ್ತಾ?' ಎಂದು ಕೇಳಬೇಕೆನಿಸಿತು ಅವಳಿಗೆ. ಕೇಳಲಿಲ್ಲ. ಎದೆಯ ಬಡಿತ ಅವನಿಗೂ ಕೇಳಿಸೀತೆಂದು ಕಿಟಕಿಯ ಹೊರಗೆ ನೋಡುತ್ತಾ ಕುಳಿತಳು.

ಒಂದು ಭಾನುವಾರ ಅವನು ಅವಳ ಮನೆಗೂ ಬಂದ. ಅವಳಿಂದ ಕೇಳಿ ತಿಳಿದಿದ್ದ ಅವಳ ಅಪ್ಪನನ್ನು ನೋಡಬೇಕೆಂದಿದ್ದ. ಅವಳ ಅಪ್ಪ ರೈಲು ನಿಲ್ದಾಣದಲ್ಲಿ ಧ್ವನಿವರ್ಧಕದ ಹಿಂದೆ ಕುಳಿತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಕೂಗುತ್ತಿದ್ದವರು. ಊರಿಗೆಲ್ಲ ಪರಿಚಿತವಾಗಿದ್ದ ಆ ದನಿ ಒಂದು ಬೆಳಗ್ಗೆ ಸ್ಟ್ರೋಕ್ ಆಗಿ ಇದ್ದಕ್ಕಿದ್ದಂತೆ ಉಡುಗಿಹೋಗಿತ್ತು. ಕಲಿತ ಪರೀಕ್ಷೆಗಳನ್ನೆಲ್ಲ ಅಪ್ಪನ ಮೇಲೆ ಪ್ರಯೋಗಿಸಿ ಸೋತ ಮೇಲೆಯೇ ಅವಳು ಹೊಸ ದಾರಿ ಹುಡುಕಿದ್ದು. ಅಪ್ಪನ ಹಾಸಿಗೆಯ ಪಕ್ಕದಲ್ಲಿ ಹುಟ್ಟಿದ ಪಾಠ ಅದು.

ಈಗ ಅಪ್ಪ ನಿಧಾನವಾಗಿ ಮಾತಾಡುತ್ತಿದ್ದರು.

"ನೀವು... ಎಲ್ಲಿ... ಕೂತಿರ್ತೀರಿ? ತರಗತೀಲಿ?"

"ಕೊನೇ ಕುರ್ಚೀಲಿ ಅಪ್ಪಾಜಿ."

"ಮುಂದೆ... ಬನ್ನಿ." ಅಪ್ಪ ಮಗಳ ಕಡೆ ಕಳ್ಳನೋಟ ಬೀರಿದರು. "ಹಿಂದೆ ಕೂತ್ರೆ... ಕೆಲಸ... ಆಗಲ್ಲ!"

ಒಳಗಿನಿಂದ ಅಮ್ಮ ಕಿಸಕ್ಕೆಂದು ನಕ್ಕಿದ್ದು ಹೊರಗೂ ಕೇಳಿಸಿತು. ಅವಳು "ನೀರು ತರ್ತೀನಿ" ಎಂದು ಎದ್ದು ಹೋದವಳು ಖಾಲಿ ಕೈಯಲ್ಲಿ ವಾಪಸ್ ಬಂದಳು!

* * *

ಆದರೆ ಸುಖ ಅಷ್ಟು ಸಲೀಸಾಗಿ ಬಂದೀತೇ?

ಮುಂದಿನ ವಾರದ ವಿಭಾಗದ ಸಭೆಯಲ್ಲಿ ಮುಖ್ಯಸ್ಥೆ ಅವಳ ಮುಖ ನೋಡದೆಯೇ ಹೇಳಿದರು, "ಮೂರನೇ ಸೆಮಿಸ್ಟರಿಂದ ನಿನ್ನ ವಿಷಯ ತೆಗೆದಿದ್ದಾರಮ್ಮಾ."

"ಯಾರು ತೆಗೆದಿದ್ದು?"

"ಪಾಸ್‌ಪೋರ್ಟ್ ಸರ್. ಆಫೀಸಿಂದ ಇವತ್ತೇ ಹೇಳಿ ಕಳಿಸಿದ್ರು. ಅವರು ನಿನ್ನೇನೇ ಆ ವಿಶ್ವವಿದ್ಯಾಲಯಕ್ಕೆ ಹೊರಟುಹೋದ್ರಂತೆ, ಒಪ್ಪಂದ ಮುಗಿಸೋಕೆ. ನನಗೂ ಬೇಜಾರಾಯ್ತು ಕಣಮ್ಮಾ..."

ಅವಳಿಗೆ ಮುಂದಿನ ಮಾತು ಕೇಳಿಸಲಿಲ್ಲ.

ಅವನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಮತ್ತದೇ ಯಂತ್ರದ ದನಿ.

'ಹಾಗಾದರೆ... ದಿನಾ ಬಂದು ಕೂತಿದ್ದು? ಅಪ್ಪನ ಕೈ ಹಿಡಿದು ಮಾತಾಡಿದ್ದು? ಎಲ್ಲ ವರದಿ ಬರೆಯೋಕಾ?!'

ಸಂಜೆ ಅವನದೇ ಕರೆ ಬಂತು. ಫೋನ್ ಕೈಯಲ್ಲಿ ಗುಂಯ್‌ಗುಡುತ್ತಲೇ ಇತ್ತು. ಅವಳು ತೆಗೆಯಲಿಲ್ಲ. ಮೂರನೆಯ ಸಲ ಗುಂಯ್‌ಗುಟ್ಟಿದಾಗ ನಂಬರನ್ನೇ ಬ್ಲಾಕ್ ಮಾಡಿ, ದಿಂಬಿಗೆ ಮುಖ ಒತ್ತಿದಳು. ವಿಷಯ ಹೋದದ್ದಕ್ಕೆ ಅಳುತ್ತಿದ್ದಳೋ, ಅವನು ಹೋದದ್ದಕ್ಕೋ... ಅವಳಿಗೇ ತಿಳಿಯಲಿಲ್ಲ.

ಅಪ್ಪ ಬಂದು ಮಂಚದ ಅಂಚಿನಲ್ಲಿ ಕೂತರು.

"ಪುಟ್ಟಿ... ನೀನು... ರೋಗಿಗಳ ಮಾತು... ಪೂರ್ತಿ... ಕೇಳ್ತೀಯ. ಅವನದು... ಯಾಕೆ... ಕೇಳಲಿಲ್ಲ?"

"ಅವರ ಪಕ್ಷ ವಹಿಸ್ಬೇಡಿ ಅಪ್ಪಾ!"

ಅಪ್ಪ ವಹಿಸಲಿಲ್ಲ. ತಲೆ ಸವರುತ್ತಾ ಕೂತರು, ಅಷ್ಟೇ.

ಬೆಳಗಾಗುವಷ್ಟರಲ್ಲಿ ಅವಳ ಕಣ್ಣು ಊದಿತ್ತು. ಆದರೆ ಬೆನ್ನು ನೆಟ್ಟಗಾಗಿತ್ತು. ತರಗತಿಗೆ ಹೋದವಳೇ ವಿದ್ಯಾರ್ಥಿಗಳಿಗೆ ಹೇಳಿದಳು, "ಈ ಸೆಮಿಸ್ಟರ್ ಮುಗಿಯೋವರೆಗೂ ಈ ಪಾಠ ನಿಲ್ಲಲ್ಲ. ಅದಾದ ಮೇಲೆ ಅಂಕ ಸಿಗದೆ ಇದ್ರೂ ಶನಿವಾರ ನಾನು ಇಲ್ಲಿರ್ತೀನಿ. ಬರೋರು ಬನ್ನಿ."

ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು, "ಎಲ್ಲರೂ ಬರ್ತೀವಿ ಮೇಡಂ!"

* * *

ಹದಿನೈದು ದಿನ ಕಳೆದಿರಬೇಕು. ಹೊರದೇಶದ ತಂಡ ಬಂದಿದೆ, ಇವತ್ತು ವಿಭಾಗ ನೋಡುತ್ತಾರೆ ಎಂಬ ಸುದ್ದಿ ಬೆಳಗ್ಗೆಯೇ ಹಬ್ಬಿತು. ಎಲ್ಲ ಕೊಠಡಿಗಳಲ್ಲೂ ಧೂಳು ಹೊಡೆಯುವ ಗಡಿಬಿಡಿ. ಅವಳ ಚಿಕಿತ್ಸಾ ಕೊಠಡಿಯಲ್ಲಿ ಮಾತ್ರ ದಿನದ ಪಾಠ ದಿನದಂತೆ ನಡೆದಿತ್ತು. ಡ್ರೈವರಣ್ಣ ದಂಪತಿ ಬಂದಿದ್ದರು. ತಪಾಸಣೆಗೆಂದು ಅವಳ ಅಪ್ಪ ಅಮ್ಮನೂ ಬಂದಿದ್ದರು.

ಬಾಗಿಲಲ್ಲಿ ನೆರಳು ಬಿತ್ತು.

ನರೆಗೂದಲಿನ ಪ್ರಾಧ್ಯಾಪಕಿಯೊಬ್ಬರು, ಅವರ ಹಿಂದೆ ಇಬ್ಬರು. ಪಕ್ಕದಲ್ಲಿ... ಅವನು!

ಅವಳ ಎದೆ ಧಸಕ್ಕೆಂದಿತು. ಅವನು ಇಳಿದುಹೋಗಿದ್ದ, ಗಡ್ಡ ಬಿಟ್ಟಿದ್ದ. ನೋಟ ಮಾತ್ರ ನೇರ ಅವಳ ಮೇಲಿತ್ತು.

"ಮೇಡಂ, ಇವರು ಅಲ್ಲಿಯ ವಿಭಾಗದ ಮುಖ್ಯಸ್ಥೆ. ನಿಮ್ಮ ಪಾಠ ನೋಡೋಕೇ ಬಂದಿದ್ದಾರೆ."

'ನಿನಗೆ ನಾನಲ್ಲ, ನನ್ನ ಪಾಠವೇ ಉತ್ತರ ಕೊಡುತ್ತೆ!' ಎಂದುಕೊಂಡು ಅವಳು ಡ್ರೈವರಣ್ಣನ ಎದುರು ಕೂತಳು.

"ಅಣ್ಣಾ, ಬೆಳಿಗ್ಗೆ ಮನೇಲಿ ಏನಾಯ್ತು?"

ಡ್ರೈವರಣ್ಣ ಹೆಂಡತಿಯನ್ನು ನೋಡಿದರು. ತುಟಿಗಳು ಒದ್ದಾಡಿದವು. ಯಾರೂ ಸಹಾಯಕ್ಕೆ ಬರಲಿಲ್ಲ. ಕಾಯುವುದೂ ಆ ಪಾಠದ ಭಾಗವೇ.

"ಇವಳು... ತಿಂಡಿ... ಮಾಡಿ...ದಳು."

"ಅಬ್ಬಾ! ಮತ್ತೆ ಹೆಂಗಸಾದೆ!" ಎಂದರು ಆ ತಾಯಿ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವನು ಅದನ್ನು ಅನುವಾದಿಸಿದಾಗ ಅತಿಥಿಗಳೂ ನಕ್ಕರು. ಆಮೇಲೆ ಪ್ರಶ್ನೆಗಳು ಶುರುವಾದವು. ಕಷ್ಟದ ಪ್ರಶ್ನೆಗಳು. ಪದದ ಕ್ರಮದ ಪರೀಕ್ಷೆ ಯಾಕಿಲ್ಲ? ವಿದ್ಯಾರ್ಥಿನಿಯೊಬ್ಬಳು ತಾನೇ ಎದ್ದು ನಿಂತಳು. "ನಮ್ಮಲ್ಲಿ 'ನಾಯಿ ಬೆಕ್ಕನ್ನ ಅಟ್ಟಿತು' ಅಂದ್ರೂ ಅಷ್ಟೇ, 'ಬೆಕ್ಕನ್ನ ನಾಯಿ ಅಟ್ಟಿತು' ಅಂದ್ರೂ ಅಷ್ಟೇ ಮೇಡಂ. ಕ್ರಮ ಕೇಳಿದ್ರೆ ಕಾಯಿಲೆ ಗೊತ್ತಾಗಲ್ಲ." ಇನ್ನೊಬ್ಬ ಇನ್ನೊಂದಕ್ಕೆ ಉತ್ತರಿಸಿದ. ಸಭೆಯಲ್ಲಿ ಉಸಿರೆತ್ತಲೂ ಹೆದರುತ್ತಿದ್ದ ಮಕ್ಕಳು! ಅವಳು ಒಂದು ಮಾತೂ ಸೇರಿಸದೆ ಎದೆಯುಬ್ಬಿಸಿ ನೋಡುತ್ತಾ ನಿಂತಳು.

ಕೊನೆಗೆ ಪ್ರಾಧ್ಯಾಪಕಿ ಕೇಳಿದರು, "ಈ ಕೊಠಡಿಯ ಹೊರಗೆ? ನಿಜವಾದ ಬದುಕಲ್ಲಿ ಇದು ಉಳಿಯುತ್ತಾ?"

ಉತ್ತರ ಬಂದದ್ದು ಗೋಡೆ ಪಕ್ಕದ ಬೆಂಚಿನಿಂದ. ಅವಳ ಅಪ್ಪ ಎದ್ದು ನಿಂತಿದ್ದರು.

"ನನ್ನ ದನಿ... ಹೋಗಿತ್ತು. ಎಲ್ಲರೂ... ಮುಗೀತು... ಅಂದರು." ಅವರು ಉಸಿರು ತೆಗೆದುಕೊಂಡರು. ಬೆರಳು ಮಗಳತ್ತ ತಿರುಗಿತು. "ಇವಳು... ಬಿಡಲಿಲ್ಲ. ಇವಳು... ಕಲಿಸಿದಳು. ಈಗ... ನಾನು... ನನ್ನ ಮಗಳ ಬಗ್ಗೆ... ನಾನೇ... ಹೇಳ್ತಿದೀನಿ."

ಅನುವಾದಿಸಬೇಕಾದವನು ಒಂದು ಸಲ ಬಾಯಿ ತೆರೆದು ಮುಚ್ಚಿದ. ಕೊನೆಗೂ ಹೇಳಿ ಮುಗಿಸಿದಾಗ ಪ್ರಾಧ್ಯಾಪಕಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಅವರು ಹೇಳಿದ್ದನ್ನು ಅವನು ಎಲ್ಲರಿಗೂ ತಿಳಿಯುವಂತೆ ಹೇಳಿದ. "ಅವರ ಆಸ್ಪತ್ರೆಗೆ ಈಗ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರು ಬರ್ತಾರಂತೆ, ಹತ್ತಾರು ಭಾಷೆಯವರು. ಎಲ್ಲರಿಗೂ ಅದೇ ಅನುವಾದದ ಪರೀಕ್ಷೆ. ಎಷ್ಟು ಜನರನ್ನ ಗುಣವಾಯ್ತು ಅಂತ ತಪ್ಪಾಗಿ ಮನೆಗೆ ಕಳಿಸಿದೀವೋ ಅಂತ ಕೇಳ್ಕೋತಿದ್ದಾರೆ. ಒಂದು ಭಾಷೆಯ ಒಳಗಿಂದಾನೇ ಪರೀಕ್ಷೆ ಕಟ್ಟೋದು ಹೇಗೆ ಅನ್ನೋದನ್ನ ಅಲ್ಲಿಯ ವಿದ್ಯಾರ್ಥಿಗಳೂ ಕಲೀಬೇಕಂತೆ. ಇನ್ಮೇಲೆ ಈ ವಿಷಯ ಎರಡೂ ಕಡೆ ಕಡ್ಡಾಯ." ಅವನು ಅವಳನ್ನು ನೋಡಿದ. "ಮೊದಲ ವರ್ಷ ಒಂದು ಸೆಮಿಸ್ಟರ್ ಮೇಡಂ ಅವರೇ ಬಂದು ಕಲಿಸ್ತಾರಾ ಅಂತ ಕೇಳ್ತಿದ್ದಾರೆ."

ವಿದ್ಯಾರ್ಥಿಗಳ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಬಾಗಿಲಲ್ಲಿ ನಿಂತಿದ್ದ ಇವರ ವಿಭಾಗದ ಮುಖ್ಯಸ್ಥೆ ಓಡಿಬಂದು ಅವಳನ್ನು ತಬ್ಬಿಕೊಂಡರು. ಅವಳು ಮಾತ್ರ ಅವನನ್ನೇ ನೋಡುತ್ತಿದ್ದಳು. ಈ ಸಲ ಕಣ್ಣು ಊದುವಂತೆ ಅತ್ತರೂ ಅವಳಿಗೆ ನಾಚಿಕೆಯಾಗುತ್ತಿರಲಿಲ್ಲ.

* * *

ಎಲ್ಲರೂ ಊಟಕ್ಕೆ ಹೋದರು. ಅಪ್ಪ, ಅಮ್ಮ ಡ್ರೈವರಣ್ಣನ ಜೊತೆ ಆಟೋ ಹತ್ತಿದರು. ಕೊಠಡಿಯಲ್ಲಿ ಉಳಿದವರು ಅವರಿಬ್ಬರೇ. ಅವಳು ಸುಮ್ಮನೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಅವನೂ ಜೋಡಿಸತೊಡಗಿದ.

"ತೆಗೆದಿದ್ದು ನಿಜ ತಾನೇ?" ಅವಳು ಕೇಳಿದಳು.

"ನಿಜ. ಜೋಡಿ ಇಲ್ಲದ ವಿಷಯ ಹಾಗೇ ಬಿಟ್ಟಿದ್ರೆ ಹೊಸ ಪದವೀಲಿ ಅಂಕ ಇಲ್ಲದ ವಿಷಯ ಆಗ್ತಿತ್ತು. ಎರಡು ವರ್ಷಕ್ಕೆ ಯಾರೂ ಸೇರದೆ ಸತ್ತೇ ಹೋಗ್ತಿತ್ತು. ಅದಕ್ಕೇ ನಮ್ಮ ಪಟ್ಟಿಯಿಂದ ತೆಗೆದು, ಎರಡೂ ಕಡೆಯವರು ಒಟ್ಟಿಗೆ ಓದೋ ವಿಷಯ ಅಂತ ಅವರ ಮುಂದೆ ಇಟ್ಟೆ. ಮೊದಲು ಒಪ್ಪಲಿಲ್ಲ. ಬಂದು ನೋಡಿ, ಆಮೇಲೆ ಬೇಡ ಅನ್ನಿ ಅಂತ ಹಠ ಹಿಡಿದೆ."

"ನನಗೆ ಯಾಕೆ ಹೇಳಲಿಲ್ಲ?"

"ಆಸೆ ಹುಟ್ಟಿಸಿ, ಆಗದೆ ಹೋದ್ರೆ ನಿಮಗೆ ನೋವಾಗುತ್ತೆ ಅಂತ..."

ಅವಳು ಕೈಯಲ್ಲಿದ್ದ ಕುರ್ಚಿಯನ್ನು ದಡಕ್ಕನೆ ಕೆಳಗಿಟ್ಟಳು. "ನನ್ನ ನೋವನ್ನ ನೀವು ಅಳೀಬೇಡಿ ಸರ್! ಅದು ನನ್ನ ವಿಷಯ. ಗೆಲ್ಲೋದಾದ್ರೂ ಸೋಲೋದಾದ್ರೂ ನಾನು ಅಲ್ಲಿರಬೇಕಿತ್ತು. ಒಂದು ಮಾತು ಹೇಳಿ ಹೋಗಿದ್ರೆ ನಾನು... ನಾನು ಇಷ್ಟು ಅಳ್ತಿರಲಿಲ್ಲ!"

"ತಪ್ಪಾಯ್ತು." ಅವನು ಯಾವ ಸಮಜಾಯಿಷಿಯನ್ನೂ ಕೊಡಲಿಲ್ಲ. "ದೊಡ್ಡ ತಪ್ಪೇ ಆಯ್ತು. ಇನ್ನೊಂದ್ಸಲ ಆಗಲ್ಲ."

ಅವಳ ಸಿಟ್ಟು ಬಿಸಿಲಿಗಿಟ್ಟ ಬೆಣ್ಣೆಯಾಯಿತು. "ನಾನೂ ಕೇಳಬೇಕಿತ್ತು," ಎಂದಳು ಮೆಲ್ಲಗೆ. "ಫೋನ್ ತೆಗೀಬೇಕಿತ್ತು."

"ನನ್ನ ನಂಬರ್ ಇನ್ನೂ ಬ್ಲಾಕ್ ಇದೆಯಾ?"

"ಇದೆ."

"ಹಾಗಾದ್ರೆ ಎದುರಿಗೇ ಹೇಳ್ಬೇಕು." ಅವನು ಒಂದು ಹೆಜ್ಜೆ ಮುಂದೆ ಬಂದ. "ಅಲ್ಲಿ ಅವರ ಮುಂದೆ ನಿಮ್ಮ ಪಾಠದ ಬಗ್ಗೆ ಹೇಳೋವಾಗ ನನ್ನ ತಲೆ ತಾನಾಗೇ ನೆಟ್ಟಗಾಗಿತ್ತು. ಹೇಳ್ತಾ ಹೇಳ್ತಾ ಗೊತ್ತಾಯ್ತು, ನಾನು ಪಾಠದ ಬಗ್ಗೆ ಮಾತ್ರ ಹೇಳ್ತಿಲ್ಲ ಅಂತ. ನೀವಂದ್ರೆ... ನನಗೆ ತುಂಬಾ ಇಷ್ಟ. ಮದುವೆ ಆಗ್ತೀರಾ ಅಂತ ಕೇಳೋಕೆ ಇಷ್ಟು ದೂರ ಸುತ್ತಿ ಬಂದೆ."

ಅವಳು ಮುಖ ತಗ್ಗಿಸಲಿಲ್ಲ. ಕಣ್ಣೀರು ಕೆನ್ನೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

"ನಾನು ಒಂದು ಸೆಮಿಸ್ಟರ್ ಅಲ್ಲಿಗೆ ಹೋಗ್ತೀನಿ. ಬೇಡ ಅನ್ನಲ್ವಾ?"

"ಬೇಡ ಅಂದ್ರೆ ನೀವು ಬಿಡ್ತೀರಾ!" ಅವನು ನಕ್ಕ. "ಹೋಗಿ ಬನ್ನಿ. ನಾನು ಇಲ್ಲೇ ಇರ್ತೀನಿ. ಸಂಜೆ ಅಪ್ಪಾಜಿ ಜೊತೆ ಕೂತು ಹರಟೆ ಹೊಡೀತೀನಿ. ನೀವು ಬರೋಷ್ಟರಲ್ಲಿ ಅವರು ನನ್ನನ್ನ ಬೈಯೋ ಮಟ್ಟಿಗೆ ಮಾತಾಡ್ತಿರಬೇಕು."

"ಹೂಂ," ಎಂದಳು ಅವಳು.

"ಹೂಂ ಅಂದ್ರೆ... ಯಾವುದಕ್ಕೆ?"

"ಎಲ್ಲದಕ್ಕೂ!"

ಇಬ್ಬರೂ ಹೊರಗೆ ಬರುವಷ್ಟರಲ್ಲಿ ಗೇಟಿನ ಮುಂದಿನ ಬಸ್ಸು ಹೊರಟೇಬಿಟ್ಟಿತು. ಅವನು ಕೈ ಬೀಸುತ್ತಾ ನಾಲ್ಕು ಹೆಜ್ಜೆ ಓಡಿ ನಿಂತ.

"ಅಯ್ಯೋ, ತಪ್ಪಿಹೋಯ್ತಲ್ಲ ಮೇಡಂ!"

"ಹೋಗ್ಲಿ ಬಿಡು."

ಅವನು ಗಕ್ಕನೆ ತಿರುಗಿದ. "ಏನಂದ್ರಿ?"

"ಹೋಗ್ಲಿ... ಬಿಡು ಅಂದೆ."

"ಇನ್ನೊಂದ್ಸಲ ಹೇಳು."

ಅವಳು ಹೇಳಲಿಲ್ಲ. ನಗುತ್ತಾ ಅವನತ್ತ ಕೈ ಚಾಚಿದಳು.

"ನಡ್ಕೊಂಡೇ ಹೋಗೋಣ, ಬಾ."